ಪಕ್ಕದ ಓಣಿಯ ಟೀಚರ್ ಯಾವ ಜಾಲತಾಣದಲ್ಲಿದ್ದಾರೆ?



ಶಾಲೆ ಶುರುವಾಗಲು ಇನ್ನು ಹದಿನೈದು ದಿನವಿದೆ ಎನ್ನುವಾಗ ನಮ್ಮ ಪಾಳ್ಯದ ಕಡೆಯ ಒಂದು ಸಣ್ಣ ಶಾಲೆಯ ಗಣಿತ ಶಿಕ್ಷಕಿ ಕೆಲಸ ಬಿಟ್ಟರು. ಗಂಡನಿಗೆ ದೂರದ ಊರಿಗೆ ವರ್ಗವಾಗಿತ್ತು. ಮದ್ರಸದಲ್ಲಿ ಕಲಿತವನಾದರೂ ಬಿ.ಎ. ಕೂಡಾ ಮಾಡಿದ್ದೇನೆಂಬ ಕಾರಣಕ್ಕೆ ಆಡಳಿತ ಸಮಿತಿಯವರು ನನ್ನನ್ನು ಕರೆದು, "ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ, ಒಬ್ಬ ಟೀಚರನ್ನೂ ಹುಡುಕಿಕೊಡಿ" ಎಂದರು. ಉದ್ಯೋಗದ ಒಂದು ಜಾಲತಾಣದಲ್ಲಿ ಜಾಹೀರಾತು ಹಾಕಿದೆವು.

ನಾಲ್ಕೇ ದಿನಗಳಲ್ಲಿ ಅರ್ಜಿಗಳ ರಾಶಿ ಬಿತ್ತು. ಸಮಿತಿಯವರಿಗೆ ಸಂತೋಷವೋ ಸಂತೋಷ. ಆದರೆ ಫೋನ್ ಮಾಡಲು ಕುಳಿತಾಗ ನಿಜ ಸ್ಥಿತಿ ತಿಳಿಯಿತು. ಮೊದಲ ಅಭ್ಯರ್ಥಿ, "ಪಾಳ್ಯ ಅಂದರೆ ಬೆಂಗಳೂರಿನ ಯಾವ ಪಾಳ್ಯ ಸಾರ್?" ಎಂದು ಕೇಳಿದರು. ಆಲೂರು ತಾಲೂಕಿನ ಪಾಳ್ಯ, ಸಕಲೇಶಪುರದ ದಾರಿಯಲ್ಲಿ, ಸುತ್ತ ಕಾಫಿ ತೋಟ ಎಂದು ವಿವರಿಸುವಷ್ಟರಲ್ಲಿ ಫೋನ್ ಕಟ್ಟಾಯಿತು. ಇನ್ನು ಕೆಲವರು ಶಾಲೆಯ ಹೆಸರನ್ನೇ ನೋಡದೆ ಗುಂಡಿ ಒತ್ತಿದ್ದರು. ಕೆಲವರದ್ದು ಬೇರೆ ರಾಜ್ಯ, ಕನ್ನಡವೇ ಬಾರದು.

ಕೊನೆಗೆ ಟೀಚರ್ ಸಿಕ್ಕಿದ್ದು ಹೇಗೆ ಗೊತ್ತೇ? ಮದ್ರಸದಿಂದ ಮಗನನ್ನು ಕರೆದೊಯ್ಯಲು ಬಂದ ತಾಯಿಯೊಬ್ಬರು, "ಉಸ್ತಾದರೇ, ನಮ್ಮ ಪಕ್ಕದ ಮನೆಯ ಸೊಸೆ ಬಿ.ಎಸ್ಸಿ., ಬಿ.ಎಡ್. ಮಾಡಿದ್ದಾರೆ, ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ. ನಿಮಗೆ ಗೊತ್ತಿರಲಿಲ್ಲವಾ?" ಎಂದರು. ನನಗೂ ಗೊತ್ತಿರಲಿಲ್ಲ, ಸಮಿತಿಗೂ ಗೊತ್ತಿರಲಿಲ್ಲ, ಜಾಲತಾಣಕ್ಕಂತೂ ಗೊತ್ತೇ ಇರಲಿಲ್ಲ. ಆಕೆ ಯಾವ ಪಟ್ಟಿಯಲ್ಲೂ ಹೆಸರು ಬರೆಸಿರಲಿಲ್ಲ.

ಹುಡುಕುವವರಿಗೂ ಹುಡುಕಲ್ಪಡಬೇಕಾದವರಿಗೂ ನಡುವೆ ಒಂದೇ ಓಣಿಯ ಅಂತರವಿದ್ದರೂ ಭೇಟಿಯಾಗದೇ ಹೋಗುವುದು ಹೀಗೆ. ಆದ್ದರಿಂದ ಈ ತಿಂಗಳು ಉದ್ಯೋಗದ ಜಾಲತಾಣಗಳ ಬಗ್ಗೆ ಸ್ವಲ್ಪ ಮಾತಾಡೋಣ. ಇದು ಗಂಡಸರ ವಿಷಯವೆಂದು ಪುಟ ತಿರುಗಿಸಬೇಡಿ.

ಕೆಲಸಕ್ಕೆ ಜನ ಹುಡುಕುವುದು ನಮ್ಮ ಮಲೆನಾಡಿಗೆ ಹೊಸತಲ್ಲ. ತೋಟದ ಮಾಲೀಕರು ಮೇಸ್ತ್ರಿಯ ಕೈಗೆ ಮುಂಗಡ ಕೊಡುತ್ತಿದ್ದರು, ಆತ ಆಳುಗಳನ್ನು ಕರೆತರುತ್ತಿದ್ದ. ತೋಟದ ರೈಟರ್ ಹುದ್ದೆಗೆ ಯಾರಾದರೂ ಪರಿಚಯದವರ ಮಾತು ಬೇಕಿತ್ತು. ಪದವೀಧರರು ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಕಾಯುತ್ತಿದ್ದರು. ಈಗ ಆ ಮಧ್ಯವರ್ತಿಯ ಜಾಗದಲ್ಲಿ ಜಾಲತಾಣ ಕುಳಿತಿದೆ. ಮೇಸ್ತ್ರಿಯ ವಿಷಯದಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು: ಇವನಿಗೆ ಹಣ ಕೊಡುವವರು ಯಾರು? ಇವನಿಗೆ ಯಾವ ಊರಿನ ಜನರ ಪರಿಚಯವಿದೆ?

ನೌಕರಿ ಡಾಟ್ ಕಾಮ್ 1997ರಲ್ಲಿ ಆರಂಭವಾದದ್ದು. ನಮ್ಮ ದೇಶದ ಹಳೆಯ ಜಾಲತಾಣಗಳಲ್ಲಿ ಒಂದು. ಉದ್ಯೋಗಾರ್ಥಿಗಳು ಉಚಿತವಾಗಿ ಬಯೋಡಾಟಾ ಸೇರಿಸುತ್ತಾರೆ. ಕಂಪೆನಿಗಳು ಹಣ ತೆತ್ತು ಆ ಭಂಡಾರದಲ್ಲಿ ಹುಡುಕುತ್ತವೆ. ಅನುಭವವುಳ್ಳ ಅಕೌಂಟೆಂಟ್, ಇಂಜಿನಿಯರ್ ಬೇಕಾದ ದೊಡ್ಡ ಸಂಸ್ಥೆಗೆ ಇದು ಸರಿ. ವರ್ಷಕ್ಕೆ ಒಬ್ಬ ಟೀಚರನ್ನು ನೇಮಿಸುವ ಶಾಲೆಗೆ ಭಂಡಾರದ ಬಾಡಿಗೆ ದುಬಾರಿ.

2003ರಲ್ಲಿ ಶುರುವಾಗಿ 2016ರಲ್ಲಿ ಮೈಕ್ರೋಸಾಫ್ಟ್ ಕೈಸೇರಿದ ಲಿಂಕ್ಡ್‌ಇನ್ ಮೂಲತಃ ಪರಿಚಯಗಳ ಜಾಲ. ಯಾರು ಎಲ್ಲಿ ದುಡಿದಿದ್ದಾರೆ, ಯಾರಿಗೆ ಯಾರು ಪರಿಚಯ ಎಂಬುದು ಅಲ್ಲಿ ತಿಳಿಯುತ್ತದೆ. ನಗರದ ಕಚೇರಿ ಕೆಲಸಗಳಿಗೆ ಅದು ಹೇಳಿಮಾಡಿಸಿದ್ದು. ನಮ್ಮ ಊರಿನ ಬಿ.ಎಡ್. ಪದವೀಧರೆಯರು ಅಲ್ಲಿ ಕಾಣಸಿಗುವುದು ಅಪರೂಪ.

ಇಂಡೀಡ್ 2004ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಬೇರೆ ಬೇರೆ ಕಡೆ ಪ್ರಕಟವಾದ ಹುದ್ದೆಗಳನ್ನು ಒಂದೆಡೆ ಹುಡುಕಿಕೊಡುವುದು ಅದರ ಮೂಲ ಕೆಲಸ. ಹಣ ಕೊಟ್ಟ ಜಾಹೀರಾತು ಹೆಚ್ಚು ಜನರ ಕಣ್ಣಿಗೆ ಬೀಳುತ್ತದೆ. ಅರ್ಜಿ ಸಲ್ಲಿಸುವುದು ಸುಲಭವಾದಷ್ಟೂ ಕೆಲಸದ ಮೇಲೆ ನಿಜವಾದ ಮನಸ್ಸಿಲ್ಲದ ಅರ್ಜಿಗಳೂ ಹೆಚ್ಚುತ್ತವೆ, ಇದು ನೆನಪಿರಲಿ.

ಅಂಗಡಿ ಕೆಲಸ, ಡ್ರೈವರ್, ಟೆಲಿಕಾಲರ್‌ಗಳಂಥ ಹುದ್ದೆಗಳಿಗೆ 2015ರಲ್ಲಿ ಬಂದ ವರ್ಕ್‌ಇಂಡಿಯಾ, 2019ರಲ್ಲಿ ಬಂದ ಅಪ್ನಾ ಮುಂತಾದ ಮೊಬೈಲ್ ಆ್ಯಪ್‌ಗಳಿವೆ. ಬಯೋಡಾಟಾ ಬರೆಯಲು ಬಾರದವರೂ ಇಲ್ಲಿ ಹೆಸರು ಸೇರಿಸಬಹುದು. ಇವು ಚೆನ್ನಾಗಿ ನಡೆಯುವುದು ಜನದಟ್ಟಣೆಯ ನಗರಗಳಲ್ಲಿ.

ಇನ್ನೊಂದು ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವಿಸ್. 2015ರ ಜುಲೈಯಲ್ಲಿ ಆರಂಭವಾದ ಈ ಜಾಲತಾಣದಲ್ಲಿ ನೇಮಿಸುವವರೂ ಹಣ ಕೊಡಬೇಕಿಲ್ಲ, ಉದ್ಯೋಗಾರ್ಥಿಯೂ ಕೊಡಬೇಕಿಲ್ಲ. ಸಣ್ಣ ಶಾಲೆ, ಸಣ್ಣ ಕ್ಲಿನಿಕ್ ನಡೆಸುವವರು ಮೊದಲು ಇಲ್ಲಿಂದ ಪ್ರಾರಂಭಿಸಿದರೆ ನಷ್ಟವೇನಿಲ್ಲ.

ಬಡವರ ಕೆಲಸಕ್ಕೂ ಬಾಯಿಮಾತಿಗೂ ಇರುವ ನಂಟನ್ನು ಅರಿತು ನಡೆದ ಪ್ರಯತ್ನವೊಂದು ನಮ್ಮ ಬೆಂಗಳೂರಿನಲ್ಲೇ ಆಗಿತ್ತು. ಮೈಕ್ರೋಸಾಫ್ಟ್‌ನ ಸಂಶೋಧನಾ ಕೇಂದ್ರದಲ್ಲಿದ್ದ ಶಾನ್ ಬ್ಲಾಗ್ಸ್‌ವೆಟ್ ಎಂಬವರು ಅನಿರುದ್ಧ ಕೃಷ್ಣ ಅವರ ಬಡತನದ ಕುರಿತ ಅಧ್ಯಯನವನ್ನು ಓದಿದರು. ಬಡತನದಿಂದ ಹೊರಬಂದ ಅನೇಕ ಕುಟುಂಬಗಳಿಗೆ ನೆರವಾದದ್ದು ನೆಂಟರು, ಪರಿಚಿತರ ಮೂಲಕ ಸಿಕ್ಕಿದ ಕೆಲಸ ಎಂಬುದು ಅದರಿಂದ ತಿಳಿದಿತ್ತು. 2007ರಲ್ಲಿ ಅವರು ಮನೆಗೆಲಸದವರು, ಅಡುಗೆಯವರು, ಡ್ರೈವರ್‌ಗಳಿಗಾಗಿ ಬಾಬಾಜಾಬ್ ಎಂಬ ಜಾಲತಾಣವನ್ನು ಸ್ಥಾಪಿಸಿದರು. 2017ರಲ್ಲಿ ಕ್ವಿಕರ್ ಕಂಪೆನಿ ಅದನ್ನು ಕೊಂಡುಕೊಂಡಿತು.

ಹಾಗಾದರೆ ಬಾಯಿಮಾತೇ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಯಾರಿಗಾದರೂ ಪರಿಚಯವಿದ್ದವರನ್ನು ಮಾತ್ರ ಬಾಯಿಮಾತು ತಲುಪುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆ, ತವರಿಗೆ ಮರಳಿದ ವಿಧವೆ, ಬೇರೆ ಸಮುದಾಯದ ಹುಡುಗಿ ಇವರ ಹೆಸರನ್ನು ಸಮಿತಿಯ ಮುಂದೆ ಯಾರು ಹೇಳುತ್ತಾರೆ? ಅಲ್ಲಿ ಕೇಳಿಬರುವುದು ಹೆಚ್ಚಾಗಿ ಸಮಿತಿಯವರ ಬಂಧುಗಳ ಹೆಸರೇ. ಜಾಲತಾಣದಲ್ಲಿ ಹೆಸರಿದ್ದರೆ ಶಿಫಾರಸಿಲ್ಲದವರಿಗೂ ಒಂದು ಬಾಗಿಲು ತೆರೆದಂತೆ. ಎರಡೂ ಬೇಕು.

ಅಭ್ಯರ್ಥಿಯನ್ನು ಆರಿಸುವ ಬಗ್ಗೆ ಪವಿತ್ರ ಕುರ್‌ಆನ್ ಒಂದು ಪ್ರಸಂಗವನ್ನು ಹೇಳುತ್ತದೆ. ಮದ್‌ಯನ್‌ನ ನೀರಿನ ಬಳಿ ಪ್ರವಾದಿ ಮೂಸಾ(ಅ) ಇಬ್ಬರು ಯುವತಿಯರ ಕುರಿಗಳಿಗೆ ನೀರು ಕುಡಿಸಿದರು. ಅವರಲ್ಲೊಬ್ಬಳು ಇವರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಸಲಹೆಯಿತ್ತಳು. ಸಾಮರ್ಥ್ಯ ಮತ್ತು ಅಮಾನತ್ ಎಂಬ ಎರಡು ಗುಣಗಳು ಅವಳ ಸಲಹೆಗೆ ಕಾರಣ. ಈ ಪ್ರಸಂಗ ಸೂರಃ ಅಲ್‌ಕಸಸ್‌ನಲ್ಲಿದೆ. ಆ ಸಲಹೆ ಒಬ್ಬ ಹೆಣ್ಣುಮಗಳದ್ದು, ಅದೂ ಅವರ ಕೆಲಸವನ್ನು ಕಣ್ಣಾರೆ ಕಂಡ ಮೇಲೆ. ಜಾಲತಾಣ ಪದವಿಗಳ ಪಟ್ಟಿ ಕೊಡಬಲ್ಲದು. ಸಾಮರ್ಥ್ಯವನ್ನೂ ಅಮಾನತನ್ನೂ ನಾವೇ ನೋಡಿ ತಿಳಿಯಬೇಕು. ಟೀಚರ್ ಆದರೆ ಒಂದು ತರಗತಿ ಪಾಠ ಮಾಡಿಸಿ ನೋಡಿ. ಅಂಕಪಟ್ಟಿಯ ಮೂಲಪ್ರತಿ ನೋಡಿ. ಹಿಂದಿನ ಸಂಸ್ಥೆಗೆ ಫೋನ್ ಮಾಡಿ ವಿಚಾರಿಸಿ.

ಜಾಹೀರಾತು ಬರೆಯುವಾಗ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಊರಿನ ಜೊತೆ ತಾಲೂಕು, ಜಿಲ್ಲೆಯ ಹೆಸರಿರಲಿ. ಸಂಬಳ ಎಷ್ಟೆಂದು ಅಂಕಿಯಲ್ಲಿ ಬರೆಯಿರಿ. "ಅರ್ಹತೆಗೆ ತಕ್ಕಂತೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಲಸದ ವೇಳೆ, ಬಸ್ಸಿನ ಅನುಕೂಲ, ಕನ್ನಡ ಬರಬೇಕೇ ಎಂಬುದನ್ನೂ ತಿಳಿಸಿ. ಅದೇ ಜಾಹೀರಾತಿನ ಪ್ರತಿಯನ್ನು ಮಸೀದಿ, ಪಂಚಾಯಿತಿ ಕಚೇರಿ ಮತ್ತು ಬಸ್ ನಿಲ್ದಾಣದ ಅಂಗಡಿಯಲ್ಲಿ ಅಂಟಿಸಿ.

ಇನ್ನು ಕೆಲಸ ಹುಡುಕುವ ಸಹೋದರಿಯರಿಗೆ ಕೆಲವು ಮಾತು. ಹೆಸರು ಸೇರಿಸಲು ಭಯ ಬೇಡ, ಆದರೆ ಎಚ್ಚರವಿರಲಿ. ಮನೆಯ ಪೂರ್ತಿ ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಬಯೋಡಾಟಾದಲ್ಲಿ ಬೇಡ. ಊರು ಮತ್ತು ತಾಲೂಕು ಸಾಕು. ಸಂದರ್ಶನಕ್ಕೆ ಹೋಗುವ ಮುಂಚೆ ಆ ಸಂಸ್ಥೆ ನಿಜವಾಗಿ ಇದೆಯೇ ಎಂದು ವಿಚಾರಿಸಿ, ಮನೆಯಲ್ಲಿ ತಿಳಿಸಿ ಹೋಗಿ. ನೋಂದಣಿ ಶುಲ್ಕ, ಸಮವಸ್ತ್ರದ ಠೇವಣಿ, ತರಬೇತಿ ಖರ್ಚು ಎಂದು ಯಾರಾದರೂ ಮೊದಲೇ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಕೆಲಸ ಕೊಡುವವನು ಸಂಬಳ ಕೊಡಬೇಕೇ ಹೊರತು ನಿಮ್ಮಿಂದ ಪಡೆಯುವುದಲ್ಲ. ಆನ್‌ಲೈನ್‌ನಲ್ಲಿ ಹಣ ಕಳಕೊಂಡಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕಡಿಮೆ.

ಆ ಟೀಚರ್ ಈಗ ದಿನವೂ ಶಾಲೆಗೆ ನಡೆದೇ ಬರುತ್ತಾರೆ. ಮೊನ್ನೆ, "ಇಷ್ಟು ವರ್ಷ ಯಾಕೆ ಎಲ್ಲೂ ಅರ್ಜಿ ಹಾಕಲಿಲ್ಲ?" ಎಂದು ಕೇಳಿದೆ. "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದರು.

ನಿಮ್ಮ ಮನೆಯಲ್ಲಿ ಪದವಿಯ ಸರ್ಟಿಫಿಕೇಟ್ ಕಪಾಟಿನಲ್ಲಿಟ್ಟು ಕುಳಿತಿರುವ ಮಗಳೋ ಸೊಸೆಯೋ ಇದ್ದಾರೆಯೇ? ಈ ಪುಟ ಓದಿ ಮುಗಿಸಿದ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಅವಳಿಗೆ ಮನಸ್ಸಿದ್ದರೆ, ಒಂದು ಕಡೆಯಾದರೂ ಅವಳ ಹೆಸರು ಬರೆಸಿ. ಎರಡು ಮನೆಗಳಿಗಾದರೂ ಬಾಯಿಮಾತಿನಲ್ಲಿ ತಿಳಿಸಿ. ಹುಡುಕುತ್ತಿರುವ ಶಾಲೆ ನಿಮ್ಮ ಓಣಿಯ ಕೊನೆಯಲ್ಲೇ ಇರಬಹುದು.