ಬಾಯಿ ಬಿಡುವ ಪಾಠ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಹಾಸ್ಟೆಲುಗಳಲ್ಲಿ ಓದುವ ನಮ್ಮ ಎಷ್ಟೋ ಹುಡುಗ ಹುಡುಗಿಯರು ಉತ್ತರ ಗೊತ್ತಿದ್ದರೂ ಕೈ ಎತ್ತಲ್ಲ. ಮೇಷ್ಟ್ರು ಹೆಸರು ಕೂಗಿದರೆ ಎದ್ದು ನಿಂತು ನೆಲ ನೋಡುತ್ತಾರೆ. ಜನ ಇದನ್ನು ನಾಚಿಕೆ ಅಂತಾರೆ. ಇದು ನಾಚಿಕೆಯಲ್ಲ. ಜಗಲಿ ಮುಂದೆ ಕೈಕಟ್ಟಿ ನಿಂತ ಅಪ್ಪಂದಿರ, ಎದುರು ಮಾತಾಡಿದರೆ ಕೂಲಿ ಹೋಗುತ್ತೆಂದು ಸುಮ್ಮನಾದ ಅವ್ವಂದಿರ ಭಯ ಮಕ್ಕಳ ಗಂಟಲಲ್ಲಿ ಕೂತಿದೆ. ಬಾಬಾಸಾಹೇಬರು 1920ರಲ್ಲಿ ಶುರು ಮಾಡಿದ ಪತ್ರಿಕೆಗೆ ‘ಮೂಕನಾಯಕ’ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಈ ಗಂಟಲು ಬಿಡಿಸೋಕೆ ನಾಟಕ ಒಳ್ಳೇ ಮದ್ದು. ಆದರೆ ಯಾವ ನಾಟಕ? ರಾಜನ ಪಾರ್ಟು ಬೇರೆಯವರಿಗೆ ಹೋಗಿ, ಹಾಸ್ಟೆಲ್ ಹುಡುಗ ಈಟಿ ಹಿಡಿದು ದ್ವಾರಪಾಲಕನಾಗಿ ನಿಲ್ಲುವ ಸ್ಕೂಲ್ ಡೇ ನಾಟಕ ಅಲ್ಲ. ಬಣ್ಣ ಹಚ್ಚಿಯೂ ಮೂಕನಾಗಿಯೇ ಉಳಿದರೆ ಬಂದ ಭಾಗ್ಯವೇನು?

1975ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ‘ಸಮುದಾಯ’ ತಂಡ, 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಬೆಂಕಿಗೆ ಹಾಕಿದ್ದನ್ನೇ ‘ಬೆಲ್ಚಿ’ ಎಂಬ ಬೀದಿನಾಟಕ ಮಾಡಿ ಆಡಿತು. ಬೀದಿನಾಟಕಕ್ಕೆ ಪರದೆ ಬೇಡ, ಸೀನರಿ ಬೇಡ, ಟಿಕೆಟ್ಟೂ ಬೇಡ. ಬ್ರೆಜಿಲ್ ದೇಶದ ಆಗಸ್ಟೊ ಬೋಆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ನಾಟಕದಲ್ಲಿ ಅನ್ಯಾಯದ ದೃಶ್ಯ ಬಂದಾಗ ನೋಡುತ್ತಾ ಕೂತವನೇ ಎದ್ದು ಬಂದು, ತುಳಿಸಿಕೊಂಡವನ ಪಾರ್ಟು ತಾನು ತಗೊಂಡು, ಬೇರೆ ದಾರಿ ಆಡಿ ತೋರಿಸಬೇಕು.

ನಮಗೆ ಬೇಕಾದ್ದು ಇದು. ಹತ್ತು ಹದಿನೈದು ಮಕ್ಕಳು, ಸಂಜೆ ಒಂದು ಗಂಟೆ, ಹಾಸ್ಟೆಲ್ ಅಂಗಳ ಸಾಕು. ಊರ ಹೋಟೆಲಲ್ಲಿ ಬೇರೆ ಲೋಟ ಇಟ್ಟಿದ್ದಾರೆ ಅನ್ನೋದೇ ದೃಶ್ಯವಾಗಲಿ. ಟೀ ಕೇಳೋನು ಏನಂತಾನೆ? ಮೂವರು ಮೂರು ಥರ ಆಡಲಿ. ಮಾರನೇ ದಿನ ಅವನೇ ಹೋಟೆಲ್ ಮಾಲೀಕನಾಗಲಿ. ಆಗ ತಿಳಿಯುತ್ತೆ: ದರ್ಪವೂ ಕಲಿತ ಪಾರ್ಟು, ತಲೆ ತಗ್ಗಿಸೋದೂ ಕಲಿತ ಪಾರ್ಟು. ಕಲಿತಿದ್ದನ್ನು ಬಿಡಬಹುದು.

ಕಲಿಸುವವರಿಗೆ ಎರಡು ಮಾತು. ‘ಹಾಲು’ ಅನ್ನೋದು ‘ಆಲು’ ಆದರೆ ನಗಬೇಡಿ. ಮೊದಲು ಮಾತು ಬರಲಿ, ತಿದ್ದೋದು ಆಮೇಲೆ. ಹೆಣ್ಣುಮಕ್ಕಳ ಹಾಸ್ಟೆಲನ್ನು ಮರೀಬೇಡಿ. ಅಲ್ಲಿ ಎರಡು ಪಟ್ಟು ಮೌನ ಇದೆ.

ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಮಕ್ಕಳನ್ನು ಕರಕೊಂಡು ಹೋಗಿ, ಜನಪದರ ವಾದ್ಯಗಳನ್ನು ತೋರಿಸಿ. ಆದರೆ ನೀನು ಇಂಥ ಕೇರಿಯವನು, ತಮಟೆ ಹಿಡಿ ಅಂತ ಯಾರಿಗೂ ಹೇಳಬೇಡಿ. ಸಾವಿನ ಮನೆ ಮುಂದೆ ಬಿಟ್ಟಿಗೆ ಬಡಿದ ತಮಟೆ ಬೇರೆ. ನಮ್ಮ ನಾಟಕ ಶುರುವಾಯ್ತು ಬನ್ನಿ ಅಂತ ಇಷ್ಟಪಟ್ಟು ಬಡಿಯುವ ತಮಟೆ ಬೇರೆ.

ನಾಟಕ ಅನ್ನ ಕೊಡಲ್ಲ, ಸ್ಕಾಲರ್‌ಶಿಪ್ ತರಲ್ಲ. ಆದರೆ ಸಾರಲ್ಲಿ ಬೇಳೆ ಎಲ್ಲಿ, ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ ಅಂತ ವಾರ್ಡನ್ನರ ಮುಖ ನೋಡಿ ಕೇಳುವ ಧೈರ್ಯ ಕೊಡುತ್ತೆ. ಮೇಲಿನವರು ಬಂದು ಕಲಿಸಲಿ ಅಂತ ಕಾಯಬೇಡಿ. ಇದೇ ಭಾನುವಾರ ಶುರು ಮಾಡಿ. ದ್ವಾರಪಾಲಕನಿಗೇ ಮೊದಲ ಮಾತು ಕೊಡಿ.