ತೆಳ್ಳಗಿನ ಯಂತ್ರ, ದಪ್ಪನೆಯ ಚಾರ್ಜರ್
2008ರಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರಗೆಳೆದು ತೋರಿಸಿದಾಗಿನಿಂದ ತೆಳ್ಳಗಿರುವುದೇ ಲ್ಯಾಪ್‌ಟಾಪಿಗೆ ಲಕ್ಷಣ ಎಂಬಂತಾಗಿದೆ. (ಅದರಲ್ಲಿದ್ದದ್ದು ಒಂದೇ ಯುಎಸ್‌ಬಿ ಕಿಂಡಿ ಎನ್ನುವುದು ಯಾರಿಗೂ ನೆನಪಿಲ್ಲ.) ಅಂಗಡಿಯವರು ಹೇಳುವ 1.2 ಕೆ.ಜಿ.ಯಲ್ಲಿ ಚಾರ್ಜರ್ ಸೇರಿರುವುದಿಲ್ಲ. ಇಟ್ಟಿಗೆಯಂಥ ಅಡಾಪ್ಟರು, ಪ್ರೊಜೆಕ್ಟರಿಗೊಂದು ಡಾಂಗಲ್ಲು, ಮೌಸು ಎಲ್ಲ ಬ್ಯಾಗಿಗೆ ಬಿದ್ದರೆ ಹಗುರತನ ಅಲ್ಲಿಗೆ ಮುಗಿಯಿತು. ದೇಶದೊಳಗಿನ ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ ಸಿಗುವುದೇ 7 ಕೆ.ಜಿ. ಹಾಗಾಗಿ ಫೋನಿಗೂ ಆಗುವ 65 ವ್ಯಾಟಿನ ಟೈಪ್-ಸಿ ಚಾರ್ಜರಿನಲ್ಲೇ ನಡೆಯುವ ಯಂತ್ರಕ್ಕೆ ನನ್ನ ಓಟು. ತೆಳು ಮಾದರಿಗಳಲ್ಲಿ ರ‍್ಯಾಮ್ ಹೆಚ್ಚಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ಕೊಳ್ಳುವಾಗಲೇ 16 ಜಿಬಿ ಇರಲಿ. ಪರದೆ 14 ಇಂಚು ಸಾಕು. ಎಕ್ಸೆಲ್ ಹಾಳೆಯಲ್ಲೇ ದಿನ ದೂಡುವವರು ಮಾತ್ರ ತಮ್ಮದೇ ಫೈಲೊಂದನ್ನು ಅಂಗಡಿಯಲ್ಲಿ ತೆರೆದು ನೋಡಿಯೇ ದುಡ್ಡು ಕೊಡಲಿ.