ಹಳೆಯ ದೋಣಿಗೆ ಹಣವನ್ನು ಎಲ್ಲಿ ಹಾಕಬೇಕು?

ಗೋಡೆಗೆ ಸುಣ್ಣ ಬಳಿದ ಮಾತ್ರಕ್ಕೆ ತೊಲೆಯೊಳಗಿನ ಗೆದ್ದಲು ಸಾಯುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹಳೆಯ ದೋಣಿಯ ಮಾತು ಬಂದಾಗ ಈ ತಿಳಿವಳಿಕೆ ಏಕೋ ಮರೆಯಾಗಿಬಿಡುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಕಟ್ಟಿರುವ ರಾಜಾ ಲಖಮಗೌಡ ಜಲಾಶಯವು ಸುಮಾರು ೫೧ ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು. ಅಂಥ ವಿಶಾಲವಾದ ನೀರಿನ ಮೇಲೆ ಬಲೆ ಬೀಸಿ ಬದುಕುವವನಿಗೆ ಹೊಸ ದೋಣಿಯನ್ನು ಕೊಳ್ಳುವಷ್ಟು ಹಣ ಒಟ್ಟಿಗೆ ಕೈಸೇರುವುದು ಅಪರೂಪ. ಆದಕಾರಣ ಅವನು ಹಳೆಯ ಹಲಗೆದೋಣಿಯೊಂದನ್ನು ಕಡಮೆ ಬೆಲೆಗೆ ಕೊಂಡು, ಉಳಿದ ಕೆಲವೇ ಸಾವಿರ ರೂಪಾಯಿಗಳಲ್ಲಿ ಅದನ್ನು ನೀರಿಗೆ ಇಳಿಸಲು ನೋಡುತ್ತಾನೆ. ಆ ಹಣದಲ್ಲಿ ಮೊದಲು ಮನೆಗೆ ಬರುವುದು ಬಣ್ಣದ ಡಬ್ಬಿ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕೊಂಚ ಹಣವುಳ್ಳವನು ಅದನ್ನು ಬುಡದಿಂದ ಮೇಲಕ್ಕೆ ವ್ಯಯಮಾಡಬೇಕು. ಮತ್ತು ಮೊದಲ ರೂಪಾಯಿ ಕೈಬಿಡುವ ಮುನ್ನ ಅಳತೆ ಮಾಡಬೇಕು. ಅಳತೆ ಮಾಡಿಕೊಡುವ ಕೆಲಸ ನಮ್ಮ ಶಾಲೆ ಕಾಲೇಜುಗಳದು.

ಅಳತೆಯೆಂದರೆ ಏನು? ಆರ್ಕಿಮಿಡೀಸನ ತತ್ತ್ವವನ್ನು ಬಾಯಿಪಾಠ ಮಾಡದ ವಿದ್ಯಾರ್ಥಿ ಇಲ್ಲ. ಅದನ್ನು ದೋಣಿಯೊಂದಕ್ಕೆ ಹಚ್ಚಿ ನೋಡಿದ ವಿದ್ಯಾರ್ಥಿ ಮಾತ್ರ ವಿರಳ. ಐದು ಮೀಟರು ಉದ್ದ, ೧.೨ ಮೀಟರು ಅಗಲವಿರುವ ಸಣ್ಣ ದೋಣಿಯನ್ನು ಊಹಿಸಿಕೊಳ್ಳೋಣ. ಅದು ಆಯತಾಕಾರವಾಗಿದ್ದರೆ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ೬ ಚದರ ಮೀಟರು ಆಗುತ್ತಿತ್ತು. ತುದಿಗಳು ಚೂಪಾಗಿರುವುದರಿಂದ ಸುಮಾರು ೪.೨ ಚದರ ಮೀಟರು ಎಂದಿಟ್ಟುಕೊಳ್ಳಬಹುದು. ಹಾಗಾದರೆ ದೋಣಿಯು ಒಂದು ಸೆಂಟಿಮೀಟರು ಹೆಚ್ಚಾಗಿ ಮುಳುಗಿದಾಗ ೪೨ ಲೀಟರು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಪ್ರತಿ ೪೨ ಕಿಲೋಗ್ರಾಂ ಭಾರಕ್ಕೆ ಒಂದು ಸೆಂಟಿಮೀಟರು ಕೆಳಗಿಳಿಯುತ್ತದೆ. ಇಬ್ಬರು ಮನುಷ್ಯರು, ತೊಯ್ದ ಬಲೆ, ಒಂದೆರಡು ಬುಟ್ಟಿ ಮೀನು, ಎಲ್ಲ ಸೇರಿ ೨೧೦ ಕಿಲೋಗ್ರಾಂ ಆದರೆ ಇಳಿತ ಐದು ಸೆಂಟಿಮೀಟರು. ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗಿನ ಎತ್ತರವನ್ನು ಅಂಚಿನೆತ್ತರವೆಂದು ಕರೆಯೋಣ. ಮೀನುಗಾರನ ಪ್ರಾಣ ನಿಂತಿರುವುದು ಈ ಕೆಲವು ಸೆಂಟಿಮೀಟರುಗಳ ಮೇಲೆ. ಗಾಳಿ ಬೀಸಿ ಅಲೆಯೆದ್ದಾಗ ದೋಣಿಯ ಬಣ್ಣ ಯಾವುದೆಂದು ನೀರು ಕೇಳುವುದಿಲ್ಲ.

ಈಗ ಹಳೆಯ ದೋಣಿಯ ಕಳ್ಳಭಾರವನ್ನು ನೋಡೋಣ. ಅದರ ಕಟ್ಟಿಗೆಯು ಪೂರ್ಣವಾಗಿ ಒಣಗಿದಾಗ ೨೦೦ ಕಿಲೋಗ್ರಾಂ ತೂಗುತ್ತದೆನ್ನಿ. ಅದರ ತೇವಾಂಶ ನೂರಕ್ಕೆ ಹದಿನೈದರಿಂದ ನಲವತ್ತೈದಕ್ಕೆ ಏರಿದರೆ ತೂಕದಲ್ಲಿ ೬೦ ಕಿಲೋಗ್ರಾಂ ಹೆಚ್ಚುತ್ತದೆ. ಕಾಣದ ಒಬ್ಬ ಮನುಷ್ಯ ಸದಾ ದೋಣಿಯಲ್ಲಿ ಕುಳಿತಂತಾಯಿತು. ಆದರೂ ಇದು ಸಣ್ಣ ಲೆಕ್ಕ. ದೊಡ್ಡ ಲೆಕ್ಕ ಇರುವುದು ಮೊಳೆ ಕಳಚಿದ ತೂತಿನಲ್ಲಿ.

ಗೋಕಾಕದ ಜಲಪಾತದಲ್ಲಿ ಘಟಪ್ರಭೆ ಸುಮಾರು ೫೨ ಮೀಟರು ಎತ್ತರದಿಂದ ಧುಮುಕುತ್ತಾಳೆ. ಗಾಳಿಯ ತಡೆಯನ್ನು ಬಿಟ್ಟರೆ ಕೆಳಗೆ ತಲಪುವಾಗ ನೀರಿನ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ ೩೨ ಮೀಟರು. ಈ ಬಲವನ್ನು ಹಿಡಿದು ೧೮೮೭ರಲ್ಲಿಯೇ ಇಲ್ಲಿ ವಿದ್ಯುತ್ತನ್ನು ಉತ್ಪಾದಿಸಿದರು. ಹದಿನೇಳನೆಯ ಶತಮಾನದ ಟೊರಿಚೆಲ್ಲಿ ಕಂಡುಕೊಂಡಂತೆ, ಪಾತ್ರೆಯ ತೂತಿನಿಂದ ಚಿಮ್ಮುವ ನೀರಿಗೂ ಅದೇ ನಿಯಮ: ಮೇಲಿರುವ ನೀರಿನ ಎತ್ತರದಿಂದ ಬಿದ್ದಿದ್ದರೆ ಎಷ್ಟು ವೇಗ ಬರುತ್ತಿತ್ತೋ ಅಷ್ಟೇ ವೇಗ. ನೀರಿನ ಮಟ್ಟಕ್ಕಿಂತ ೨೦ ಸೆಂಟಿಮೀಟರು ಕೆಳಗೆ, ತುಕ್ಕು ತಿಂದ ಮೊಳೆಯೊಂದು ಅರ್ಧ ಸೆಂಟಿಮೀಟರು ವ್ಯಾಸದ ರಂಧ್ರವನ್ನು ಬಿಟ್ಟಿದೆಯೆಂದು ಭಾವಿಸಿ. ವೇಗ ಸೆಕೆಂಡಿಗೆ ಸುಮಾರು ಎರಡು ಮೀಟರು. ರಂಧ್ರದ ಬಳಿ ಧಾರೆ ಕಿರಿದಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನಿಮಿಷಕ್ಕೆ ೧.೪ ಲೀಟರು, ಗಂಟೆಗೆ ೮೪ ಲೀಟರು ನೀರು ಒಳಬರುತ್ತದೆ. ಎರಡು ಗಂಟೆ ಬಲೆಯ ಕೆಲಸದಲ್ಲಿ ಮೊಗೆದು ಚೆಲ್ಲುವುದನ್ನು ಮರೆತರೆ ೧೬೮ ಕಿಲೋಗ್ರಾಂ ಭಾರ ಬಂದು, ಅಂಚು ನಾಲ್ಕು ಸೆಂಟಿಮೀಟರು ತಗ್ಗುತ್ತದೆ. ಇದಕ್ಕಿಂತ ಕೆಡುಕಿನದು ಇನ್ನೊಂದಿದೆ. ಬುಟ್ಟಿಯ ಮೀನು ಇಟ್ಟಲ್ಲಿಯೇ ಇರುತ್ತದೆ. ಬುಡದಲ್ಲಿ ನಿಂತ ನೀರು ದೋಣಿ ಯಾವ ಕಡೆಗೆ ವಾಲಿತೋ ಆ ಕಡೆಗೇ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ. ಕಿರುಬೆರಳೂ ಹೊಗದ ಒಂದು ತೂತು ಇಷ್ಟನ್ನೆಲ್ಲ ಮಾಡುತ್ತದೆ.

ಹಾಗಾದರೆ ಸೋರುವ ಪ್ರತಿಯೊಂದು ಸಂದನ್ನೂ ಗಟ್ಟಿಯಾಗಿ ಮೆತ್ತಿಬಿಡೋಣವೆ? ಇಲ್ಲಿ ಅವಸರ ಸಲ್ಲದು. ಬೇಸಗೆಯಲ್ಲಿ ಜಲಾಶಯ ಇಳಿದು ದೋಣಿ ದಂಡೆಯ ಬಿಸಿಲಿನಲ್ಲಿ ಬಿದ್ದಿರುವಾಗ ಸಂದುಗಳೆಲ್ಲ ಬಾಯಿಬಿಟ್ಟಿರುತ್ತವೆ. ಮರವು ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗದೆ, ಅಡ್ಡಲಾಗಿ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಹದಿನೈದು ಸೆಂಟಿಮೀಟರು ಅಗಲದ ಹಲಗೆ ಚೆನ್ನಾಗಿ ನೀರು ಹೀರಿದರೆ ಮೂರು ನಾಲ್ಕು ಮಿಲಿಮೀಟರು ಅಗಲವಾಗುವುದುಂಟು. ಹಿಡಕಲ್ಲಿನ ಕಡೆಯ ಒಬ್ಬ ವೃದ್ಧ ಅಂಬಿಗರನ್ನು ಈ ಬಗ್ಗೆ ಕೇಳಿದಾಗ ಅವರು ನಕ್ಕು, "ಮೊದಲ ಅದು ನೀರ ಕುಡೀಲಿ ತಗೋರಿ ಸರ, ಆಮ್ಯಾಲ ಎಲ್ಲಿ ಸೋರತೈತಿ ನೋಡೂಣು" ಎಂದರು. ಭೌತವಿಜ್ಞಾನದ ಯಾವ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ದೋಣಿಯನ್ನು ಎರಡು ಮೂರು ದಿನ ಆಳವಿಲ್ಲದ ನೀರಿನಲ್ಲಿ ಮುಳುಗಿಸಿಡಬೇಕು. ಅನೇಕ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆಮೇಲೆ ಅದನ್ನು ದಂಡೆಗೆ ತಂದು, ಬುಡಕ್ಕೆ ಮರಳಿನ ಚೀಲಗಳ ಆಸರೆ ಕೊಟ್ಟು, ಒಳಗೆ ನಾಲ್ಕು ಬೆರಳು ನೀರು ನಿಲ್ಲಿಸಿದರೆ, ಹೊರಮೈಯಲ್ಲಿ ಎಲ್ಲಿ ಹನಿಯುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಬಹುದು. ಆ ಗುರುತುಗಳಿಗೆ ಮಾತ್ರ ಹಣ ಖರ್ಚಾಗಲಿ.

ಗುರುತು ಮಾಡಿದ ಸಂದುಗಳನ್ನು ನೆರಳಿನಲ್ಲಿ ಒಣಗಿಸಿ, ಹತ್ತಿಯ ಹುರಿಯನ್ನು ಹದವಾಗಿ ತುಂಬಿ, ಮೇಲೆ ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯಿಂದ ನಾದಿದ ಮೆತ್ತೆಯನ್ನು ಹಚ್ಚಬೇಕು. ಸಿಮೆಂಟನ್ನಾಗಲಿ ಕಲ್ಲಿನಂತಾಗುವ ಅಂಟನ್ನಾಗಲಿ ತುಂಬಕೂಡದು. ಹಲಗೆ ಹಿಗ್ಗಿದಾಗ ಹೋಗಲು ಎಡೆಯಿಲ್ಲದೆ ಮೊಳೆಗಳನ್ನೇ ಕೀಳುತ್ತದೆ. ದೋಣಿಯ ಸಂದು ಬಾಗಬೇಕು, ಸರಿಯಬೇಕು. ಪಶ್ಚಿಮ ಕರಾವಳಿಯ ಹಿಂದಿನವರು ಮೊಳೆಯನ್ನೇ ಬಿಟ್ಟು ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಿದ್ದರು. ೨೦೨೫ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನಮ್ಮ ನೌಕಾದಳವನ್ನು ಸೇರಿದ 'ಕೌಂಡಿನ್ಯ'ವೂ ಹೀಗೆಯೇ ಹೊಲಿದ ನೌಕೆ. (ಅಗಸೆ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿರಿ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಾವೇರಿ ತಾನಾಗಿಯೇ ಹೊತ್ತಿಕೊಳ್ಳಬಲ್ಲುದು.)

ಕರಾವಳಿಯಿಂದ ಕಲಿಯತಕ್ಕದ್ದು ಬಹಳವಿದೆ, ಆದರೆ ಎಲ್ಲವನ್ನೂ ಅಲ್ಲ. ಸಮುದ್ರದಲ್ಲಿ ಮರವನ್ನು ಕೊರೆಯುವ ಹಡಗುಹುಳುವಿನ ಕಾಟವಿದೆ; ಅದನ್ನು ತಡೆಯಲು ಅಲ್ಲಿಯವರು ಮಾಡುವ ವೆಚ್ಚವನ್ನು ಘಟಪ್ರಭೆಯ ಸಿಹಿನೀರಿನಲ್ಲಿ ನಾವು ಮಾಡಬೇಕಾಗಿಲ್ಲ. ನಮ್ಮ ಶತ್ರು ಬೇರೆ. ಅದು ಮರವನ್ನು ಕೊಳೆಸುವ ಬೂಷ್ಟು. ಉಪ್ಪುನೀರಿನಲ್ಲಿ ಹಿಂಜರಿಯುವ ಈ ಜೀವಿ ಸಿಹಿನೀರಿನಲ್ಲಿ ಹಬ್ಬುತ್ತದೆ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಸದಾ ನೀರಿನಡಿಯಲ್ಲಿರುವ ಮರಕ್ಕೆ ಗಾಳಿ ಸಾಲದು. ನೂರಕ್ಕೆ ಇಪ್ಪತ್ತಕ್ಕಿಂತ ಕಡಮೆ ತೇವಾಂಶವಿರುವ ಮರಕ್ಕೆ ನೀರು ಸಾಲದು. ಆದ್ದರಿಂದ ಕೊಳೆತವನ್ನು ಹುಡುಕಬೇಕಾದದ್ದು ಇವೆರಡರ ನಡುವೆ: ನೀರಿನ ಗೆರೆಯ ಆಸುಪಾಸಿನಲ್ಲಿ, ಪಕ್ಕೆಕಟ್ಟಿಗೆಗಳು ಹಲಗೆಯನ್ನು ಮುಟ್ಟುವ ಸಂಧಿಗಳಲ್ಲಿ, ಮಳೆನೀರು ನಿಲ್ಲುವ ಮೂಲೆಗಳಲ್ಲಿ. ದಬ್ಬಳದಿಂದ ಚುಚ್ಚಿ ನೋಡಿರಿ; ಸುಲಭವಾಗಿ ಇಳಿದರೆ ಮರ ಸತ್ತಿದೆ. ಸುತ್ತಿಗೆಯಿಂದ ಬಡಿದರೆ ಗಟ್ಟಿ ಮರ ಕಣಕಣಿಸುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ದೋಣಿಯನ್ನು ಉಪಯೋಗಿಸದಿರುವಾಗ ಬೋರಲು ಹಾಕಿ, ಕೆಳಗೆ ಗಾಳಿಯಾಡಲು ಎರಡು ಕಲ್ಲು ಕೊಟ್ಟರೆ ಅದೇ ಅಗ್ಗದ ಔಷಧಿ.

ಮೊಳೆಯ ವಿಷಯದಲ್ಲಿ ಒಂದು ಮಾತು ಸಾಕು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡಿ ಸುತ್ತಣ ಮರವನ್ನು ಸೀಳುತ್ತದೆ. ಹಿತ್ತಾಳೆ ತಾಮ್ರಗಳನ್ನು ಕೊಳ್ಳುವ ಶಕ್ತಿಯಿಲ್ಲದವನು ಸತುವಿನ ಲೇಪವುಳ್ಳ ಮೊಳೆಗಳನ್ನೇ ಎಲ್ಲೆಡೆ ಉಪಯೋಗಿಸಲಿ. ಆದರೆ ಕಬ್ಬಿಣದ ಮೊಳೆಗಳ ನಡುವೆ ತಾಮ್ರದ ತಗಡನ್ನು ಹೊಡೆಯದಿರಲಿ. ಎರಡು ಲೋಹ, ನಡುವೆ ನೀರು. ಪ್ರಯೋಗಶಾಲೆಯ ವಿದ್ಯುತ್ಕೋಶವೇ ಅಲ್ಲಿ ಸಿದ್ಧವಾಗಿ, ಕಬ್ಬಿಣ ಬೇಗ ಸವೆಯುತ್ತದೆ.

ಈಚೆಗೆ ಹಳೆಯ ದೋಣಿಯ ಹೊರಮೈಗೆಲ್ಲ ಗಾಜಿನ ನಾರು ಮತ್ತು ರಾಳದ ಹೊದಿಕೆಯನ್ನು ಹಾಕಿಸುವ ಸಲಹೆ ಕೇಳಿಬರುತ್ತದೆ. ಚೆನ್ನಾಗಿ ಒಣಗಿಸಿ, ಕೊಳೆಯದಂತೆ ಸಂಸ್ಕರಿಸಿದ ಮರದ ಮೇಲೆ ಇದು ಒಳ್ಳೆಯ ಉಪಾಯವೇ. ಆದರೆ ಹತ್ತಾರು ವರ್ಷ ನೀರು ಕುಡಿದ, ಮೊಳೆ ಹೊಡೆದ ಹಲಗೆಗಳು ಒಳಗೊಳಗೇ ಚಲಿಸುತ್ತಿರುತ್ತವೆ. ಹೊದಿಕೆ ಬಿರುಕು ಬಿಡುತ್ತದೆ, ಒಳಗೆ ಸಿಕ್ಕಿದ ತೇವ ಹೊರಬಾರದೆ ಮರ ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ. ಬಡವನು ತನ್ನ ಹಣದ ಬಹುಪಾಲನ್ನು ಹೀಗೆ ರೋಗವನ್ನು ಮುಚ್ಚಿಡಲು ಸುರಿಯುವುದನ್ನು ನಾನು ಒಪ್ಪಲಾರೆ.

"ಇಷ್ಟೆಲ್ಲ ಏಕೆ, ಹಳೆಯದನ್ನು ಒಲೆಗೆ ಹಾಕಿ ನಾರಿನ ದೋಣಿಯನ್ನೇ ಕೊಳ್ಳಬಾರದೆ?" ಎಂದು ಕೆಲವರು ಕೇಳಬಹುದು. ಕೊಳ್ಳುವ ದಾರಿಯಿದ್ದವರು ಅಗತ್ಯವಾಗಿ ಕೊಳ್ಳಲಿ. ನಡುವಿನ ಅಡಿಮರವೇ ಕೊಳೆತು, ಪಕ್ಕೆಕಟ್ಟಿಗೆಗಳಲ್ಲಿ ಮೂರನೆಯ ಒಂದು ಪಾಲು ಹೋಗಿದ್ದರೆ ನಾನೂ ಆ ದೋಣಿಯನ್ನು ಬಿಟ್ಟುಬಿಡಿರೆಂದೇ ಹೇಳುವೆನು. ಉಳಿದ ಸಂದರ್ಭಗಳಲ್ಲಿ ದುರಸ್ತಿಯನ್ನು ಕೀಳಾಗಿ ಕಾಣಬೇಕಾಗಿಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸನಾದ ಪಾಯಸ್, ಅಲ್ಲಿಯ ಜನರು ಬುಟ್ಟಿಯಂತೆ ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಿಗೋಲಿನಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಚರ್ಮ ಹಳತಾದರೆ ಚರ್ಮವನ್ನು ಬದಲಿಸಿ ಬುಟ್ಟಿಯನ್ನು ಉಳಿಸಿಕೊಳ್ಳಬಹುದಾದ ದೋಣಿಯದು.

ಹಣದ ಹಂಚಿಕೆಯನ್ನು ನನಗೆ ಬಿಟ್ಟರೆ, ನೂರು ರೂಪಾಯಿಯಲ್ಲಿ ಐವತ್ತನ್ನು ನೀರಿನ ಗೆರೆಯ ಕೆಳಗಣ ಹಲಗೆ, ಪಕ್ಕೆಗಳಿಗೂ ಬಡಿಗೇರರ ಕೂಲಿಗೂ ಕೊಡುವೆನು. ಇಪ್ಪತ್ತೈದು ಮೊಳೆ, ಹುರಿ, ಎಣ್ಣೆಗಳಿಗೆ. ಮುಂದಿನ ಹದಿನೈದು ಪ್ರಾಣರಕ್ಷಣೆಗೆ. ಖಾಲಿಯಾದ ೨೦ ಲೀಟರಿನ ಎಣ್ಣೆಯ ಡಬ್ಬಿಗಳನ್ನು ಬಿಗಿಯಾಗಿ ಮುಚ್ಚಿ ಕೂರುವ ಹಲಗೆಗಳ ಕೆಳಗೆ ಗಟ್ಟಿಯಾಗಿ ಕಟ್ಟಿದರೆ, ದೋಣಿ ತುಂಬಿದಾಗ ಒಂದೊಂದೂ ೧೯ ಕಿಲೋಗ್ರಾಮಿನಷ್ಟು ಮೇಲೆತ್ತುತ್ತದೆ. ಎಂಟು ಡಬ್ಬಿಗಳಿಗೆ ೧೫೦ ಕಿಲೋಗ್ರಾಂ! ನೀರಿನಲ್ಲಿರುವ ಮನುಷ್ಯನ ದೇಹ ತಾನೇ ಬಹುಮಟ್ಟಿಗೆ ತೇಲುವುದರಿಂದ, ಇಬ್ಬರು ಹಿಡಿದುಕೊಂಡು ಸಹಾಯಕ್ಕಾಗಿ ಕಾಯಲು ಇದು ಸಾಕು. ಕೊನೆಯ ಹತ್ತು ರೂಪಾಯಿ ಬಣ್ಣಕ್ಕೆ.

ಆ ಬಣ್ಣದಲ್ಲಿಯೂ ಮೊದಲ ಕುಂಚ ಒಂದು ಗೆರೆಗೆ ಮೀಸಲಾಗಿರಲಿ. ಇಂಗ್ಲೆಂಡಿನ ಹಡಗಿನೊಡೆಯರು ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ ನಾವಿಕರನ್ನು ಸಾವಿಗೆ ಕಳಿಸುತ್ತಿದ್ದಾಗ, ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ವರ್ಷಗಟ್ಟಲೆ ಹೋರಾಡಿದನು. ೧೮೭೬ರ ಕಾನೂನು ಹಡಗಿನ ಪಕ್ಕದಲ್ಲಿ ಭಾರದ ಗೆರೆಯನ್ನು ಕಡ್ಡಾಯ ಮಾಡಿತು. ಅಂಥ ಗೆರೆ ನಮ್ಮ ಜಲಾಶಯಗಳ ಪ್ರತಿಯೊಂದು ಮೀನುದೋಣಿಯ ಮೇಲೆ ಇರಬೇಕೆಂಬುದು ನನ್ನ ಬೇಡಿಕೆ. ಅದನ್ನು ಎಲ್ಲಿ ಎಳೆಯಬೇಕೆಂಬುದನ್ನು ಕಂಡುಹಿಡಿಯಲು ದೊಡ್ಡ ಯಂತ್ರಗಳು ಬೇಕಿಲ್ಲ. ನೀರು ತುಂಬಿದ ೨೦ ಲೀಟರಿನ ಹತ್ತು ಡಬ್ಬಿಗಳು ೨೦೦ ಕಿಲೋಗ್ರಾಂ ಆಗುತ್ತವೆ. ಅವನ್ನು ಒಂದೊಂದಾಗಿ ದೋಣಿಯಲ್ಲಿಟ್ಟು, ಮುಂದೆ, ಹಿಂದೆ, ಎರಡು ಪಕ್ಕಗಳಲ್ಲಿ ಅಂಚಿನೆತ್ತರವನ್ನು ಅಳೆದು, ಸರಾಸರಿಯನ್ನು ರೇಖಾಚಿತ್ರದಲ್ಲಿ ಗುರುತಿಸಿದರೆ ಆಯಿತು. ಪಿ.ಯು. ತರಗತಿಯ ನಾಲ್ಕು ಹುಡುಗ ಹುಡುಗಿಯರು, ಈಜು ಬಲ್ಲ ಒಬ್ಬ ಅಂಬಿಗರನ್ನು ಜೊತೆಗಿಟ್ಟುಕೊಂಡು, ಮೊಣಕಾಲುದ್ದದ ನೀರಿನಲ್ಲಿ ಒಂದು ಬೆಳಿಗ್ಗೆ ಮುಗಿಸಬಹುದಾದ ಪ್ರಯೋಗವಿದು. ಪರೀಕ್ಷೆಗಾಗಿ ಗಾಜಿನ ಪಾತ್ರೆಯಲ್ಲಿ ಮೇಣದ ತುಂಡನ್ನು ತೇಲಿಸುವುದಕ್ಕಿಂತ ಇದರಿಂದ ಅವರು ಹೆಚ್ಚು ಕಲಿಯುವರೆಂದು ನಂಬಿದ್ದೇನೆ.

ಇದು ಮೀನುಗಾರರೊಬ್ಬರ ಸಂಗತಿಯೂ ಅಲ್ಲ. ೨೦೧೯ರ ಆಗಸ್ಟಿನಲ್ಲಿ ಪ್ರವಾಹವು ಗೋಕಾಕ ಪಟ್ಟಣದೊಳಕ್ಕೆ ನುಗ್ಗಿ, ಮೂಡಲಗಿಯ ಕಡೆಯ ಹೊಳೆದಂಡೆಯ ಹಳ್ಳಿಗಳೂ ಜಲಾವೃತವಾದಾಗ ದೋಣಿಯೆಂಬುದು ಎಷ್ಟು ಬೆಲೆಯುಳ್ಳ ವಸ್ತುವೆಂದು ಮೀನು ಹಿಡಿಯದವರಿಗೂ ತಿಳಿಯಿತು. ಅಂಥ ದಿನ ಒಂದು ಹಳೆಯ ದೋಣಿ ಎಷ್ಟು ಜನರನ್ನು ಹೊರಬಲ್ಲದೆಂಬುದನ್ನು ಊಹೆಯಿಂದ ನಿರ್ಧರಿಸಕೂಡದು. ಹಿಡಕಲ್ಲಿನ ನೀರು ತಗ್ಗಿ ದೋಣಿಗಳು ದಂಡೆಗೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಕಾಲೇಜುಗಳ ರಜೆಯೂ ಆಗಲೇ. ಅಳತೆಯ ಪಟ್ಟಿ, ದಬ್ಬಳ, ಸೀಮೆಸುಣ್ಣ, ಹತ್ತು ಡಬ್ಬಿಗಳು: ಇಷ್ಟನ್ನು ಹೊಂದಿಸಿಕೊಂಡು, ಮುಂಗಾರು ಹಿಡಿಯುವುದಕ್ಕೆ ಮೂರು ವಾರ ಮುಂಚೆ ಕೆಲಸ ಆರಂಭಿಸಿದರೆ ಮೆತ್ತೆ ಆರುವುದಕ್ಕೂ ಎಣ್ಣೆ ಹಿಡಿಯುವುದಕ್ಕೂ ಸಮಯ ಸಿಗುತ್ತದೆ.